ಕತೆಗೆ ಹೆಸರಿಡುವ ಕೆಲಸ

ಈ ಮಳೆಗಾಲದ ಬಹುಪಾಲು ದಿನಗಳನ್ನು ನಾನು ನನ್ನ ಹನ್ನೊಂದು ಹಳೆಯ ಕತೆಗಳೊಂದಿಗೆ ಕಳೆದೆ. ಇಪ್ಪತ್ತೈದು ವರ್ಷಗಳಲ್ಲಿ ಬೇರೆ ಬೇರೆ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಅವುಗಳನ್ನು ಒಂದು ಸಂಕಲನವಾಗಿ ತರಬೇಕೆಂದು ಕುಳಿತಾಗ, ಕತೆಗಳನ್ನು ತಿದ್ದುವುದಕ್ಕಿಂತ ಅವುಗಳ ಹೆಸರುಗಳನ್ನು ತಿದ್ದುವುದಕ್ಕೇ ಹೆಚ್ಚು ಸಮಯ ಹಿಡಿಯಿತು. ಕುಮಟೆಯ ಮನೆಯ ಜಗಲಿಯಲ್ಲಿ ಕುಳಿತು ಒಂದೊಂದು ಕತೆಯನ್ನೂ ಪೂರ್ತಿ ಓದಿ, ಮತ್ತೆ ಮೊದಲ ಪುಟಕ್ಕೆ ಮರಳಿ ಅದರ ತಲೆಬರಹವನ್ನು ನೋಡುತ್ತಿದ್ದೆ. ಕೆಲವು ಹೆಸರುಗಳು ಕತೆ ಓದಿದ ಮೇಲೆ ಇನ್ನಷ್ಟು ತುಂಬಿಕೊಂಡಿದ್ದವು; ಕೆಲವು ಮೊದಲು ಎಷ್ಟು ಹೇಳಿದ್ದವೋ ಅಷ್ಟಕ್ಕೇ ನಿಂತಿದ್ದವು; ಮೂರು ಹೆಸರುಗಳಂತೂ ಬೇರೆ ಯಾರದೋ ಕತೆಯಿಂದ ಬಂದು ಇಲ್ಲಿ ಕುಳಿತಂತೆ ಕಂಡವು. ಒಳ್ಳೆಯ ಹೆಸರನ್ನು ಓದುಗ ಎರಡು ಸಲ ಓದುತ್ತಾನೆ, ಕತೆಗೆ ಮುಂಚೆ ಒಮ್ಮೆ ಮತ್ತು ಕತೆ ಮುಗಿದ ಮೇಲೆ ಇನ್ನೊಮ್ಮೆ, ಮತ್ತು ಆ ಎರಡನೆಯ ಓದಿನಲ್ಲಿ ಅದೇ ಪದಗಳು ಬೇರೆ ತೂಕದಲ್ಲಿ ಕೇಳಿಸಬೇಕು ಎಂಬ ನನ್ನ ಬಹಳ ದಿನಗಳ ಅನುಮಾನ ಈ ಓದಿನಲ್ಲಿ ಗಟ್ಟಿಯಾಯಿತು. ಅದನ್ನು ನನಗೆ ತಿಳಿದ ಉದಾಹರಣೆಗಳೊಂದಿಗೆ ಇಲ್ಲಿ ಬರೆದಿಡುತ್ತಿದ್ದೇನೆ.

ನನ್ನನ್ನು ದೀರ್ಘಕಾಲ ನೋಯಿಸಿದ ಒಂದು ಹೆಸರಿನಿಂದಲೇ ಆರಂಭಿಸುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಅಡಿಕೆಯ ಗೊಂಚಲನ್ನು ಕೊನೆ ಎನ್ನುತ್ತಾರೆ. ಮರವೇರಿ ಅದನ್ನು ಕೊಯ್ಯುವವನು ಕೊನೆಗೌಡ. ದೀಪಾವಳಿಯ ನಂತರ ತೋಟಗಳಲ್ಲಿ ನಡೆಯುವ ಆ ಕೆಲಸ ಕೊನೆ ಕೊಯ್ಲು. ನಾನು ಹುಟ್ಟಿ ಬೆಳೆದದ್ದು ಶಿರಸಿ ತಾಲೂಕಿನ ಅಂಥದೊಂದು ತೋಟದ ಮನೆಯಲ್ಲಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಮದ್ದು ಹೊಡೆಯುವುದಕ್ಕೂ ಚಳಿಗಾಲದಲ್ಲಿ ಕೊನೆ ಇಳಿಸುವುದಕ್ಕೂ ನಮ್ಮ ತೋಟಕ್ಕೆ ಬರುತ್ತಿದ್ದ ವಯಸ್ಸಾದ ಒಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಕತೆ ಬರೆದಿದ್ದೆ. ಕಣ್ಣು ಮಂಜಾಗುತ್ತಿರುವ ಕೊನೆಗೌಡನೊಬ್ಬ, ಇದು ತನ್ನ ಕಡೆಯ ಕೊಯ್ಲು ಎಂದು ಯಾರಿಗೂ ಹೇಳದೆ ಮರವೇರುತ್ತಾನೆ. ಒಂದು ಮರದ ತಲೆಯಿಂದ ಇನ್ನೊಂದಕ್ಕೆ ದಾಟುತ್ತ ಸಂಜೆಯವರೆಗೆ ಕೆಲಸ ಮಾಡುತ್ತಾನೆ. ಅವನು ಬೀಳುವುದಿಲ್ಲ, ಯಾವ ಅನಾಹುತವೂ ಆಗುವುದಿಲ್ಲ. ಇಳಿದು ಬಂದು ಕತ್ತಿಯನ್ನು ಜಗಲಿಯ ಗೂಟಕ್ಕೆ ಸಿಕ್ಕಿಸಿ, ಕೊಟ್ಟ ಚಹಾ ಕುಡಿದು ಮನೆಗೆ ಹೋಗುತ್ತಾನೆ. ಮರುದಿನ ಬೆಳಿಗ್ಗೆ ಆ ಕತ್ತಿ ಅಲ್ಲೇ ನೇತಾಡುತ್ತಿರುವುದನ್ನು ಕಂಡ ಮನೆಯೊಡತಿಗೆ ವಿಷಯ ತಿಳಿಯುತ್ತದೆ. ಇಷ್ಟೇ ಕತೆ. ಅದಕ್ಕೆ ನಾನು ಇಟ್ಟ ಹೆಸರು ‘ಕೊನೆ ಕೊಯ್ಲು’.

ಕತೆಯನ್ನು ಒಪ್ಪಿಕೊಂಡ ವಾರಪತ್ರಿಕೆಯಲ್ಲಿ ಅದು ‘ಬದುಕಿನ ಇಳಿಹೊತ್ತು’ ಎಂಬ ತಲೆಬರಹದೊಂದಿಗೆ ಪ್ರಕಟವಾಯಿತು. ನನ್ನನ್ನು ಯಾರೂ ಕೇಳಿರಲಿಲ್ಲ. ಘಟ್ಟದ ಮೇಲಿನ ಒಂದು ಮೂಲೆಯ ಮಾತು ಮೈಸೂರಿನ ಅಥವಾ ಕಲಬುರಗಿಯ ಓದುಗರಿಗೆ ತಿಳಿಯಲಾರದು ಎಂದು ಸಂಪಾದಕೀಯ ಬಳಗದವರು ಯೋಚಿಸಿರಬೇಕು, ಮತ್ತು ಆ ಯೋಚನೆಯಲ್ಲಿ ಓದುಗರ ಬಗೆಗಿನ ಕಾಳಜಿ ಇತ್ತೆಂದು ನಾನು ಈಗಲೂ ನಂಬುತ್ತೇನೆ. ಆದರೂ ಪತ್ರಿಕೆಯನ್ನು ಕೈಗೆತ್ತಿಕೊಂಡ ಆ ದಿನ ನನಗೆ ಅಳು ಬಂದಿತ್ತು. ಏಕೆ ಅಷ್ಟು ನೋವಾಯಿತು ಎಂಬುದನ್ನು ಸ್ಪಷ್ಟವಾಗಿ ಹೇಳಲು ನನಗೆ ವರ್ಷಗಳೇ ಬೇಕಾದವು. ಕನ್ನಡದಲ್ಲಿ ಕೊನೆ ಎಂದರೆ ಮುಕ್ತಾಯವೂ ಹೌದು. ಶಿರಸಿಯವರು ಆ ಹೆಸರನ್ನು ನೋಡಿ ತೋಟದ ಕೆಲಸವೆಂದು ಓದಲು ತೊಡಗಿ, ಮುಗಿಸುವಾಗ ಕಡೆಯ ಕೊಯ್ಲು ಎಂಬ ಅರ್ಥಕ್ಕೆ ಬಂದು ಮುಟ್ಟುತ್ತಾರೆ. ಬೇರೆ ಕಡೆಯವರು ಮುಕ್ತಾಯವೆಂಬ ಅರ್ಥದಿಂದ ಹೊರಟು, ಕತೆಯ ಎರಡನೆಯ ಪುಟದಲ್ಲೇ ಅದು ಅಡಿಕೆ ಗೊಂಚಲು ಎಂದು ಕಲಿಯುತ್ತಾರೆ. ಇಬ್ಬರೂ ಎದುರು ಬದುರು ದಾರಿಗಳಿಂದ ಹೊರಟು ಆ ಗೂಟದಲ್ಲಿ ನೇತಾಡುವ ಕತ್ತಿಯ ಬಳಿಯಲ್ಲಿ ಕೂಡುತ್ತಾರೆ. ಭಾಷೆಯೇ ತಾನಾಗಿ ಕೊಟ್ಟಿದ್ದ ಈ ಉಡುಗೊರೆಯನ್ನು ತೆಗೆದುಹಾಕಿ, ಅದರ ಜಾಗದಲ್ಲಿ ಮುಪ್ಪಿನ ಬಗ್ಗೆ ಬರೆದ ಯಾವ ಕತೆಯ ಮೇಲೆಯಾದರೂ ಕೂರಿಸಬಹುದಾದ ಎರಡು ಪದಗಳನ್ನು ಇಡಲಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಓದುಗ ತಾನಾಗಿ ತಲುಪಬೇಕಾದ ಭಾವವನ್ನು ಆ ಪದಗಳು ಬಾಗಿಲಲ್ಲೇ ಹೇಳಿಬಿಟ್ಟಿದ್ದವು.

ಆದರೆ ಹೆಸರು ಕತೆಯ ಮುಕ್ತಾಯವನ್ನು ಮೊದಲೇ ಹೇಳಬಾರದು ಎಂಬ ಸಾಮಾನ್ಯ ಉಪದೇಶವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ನಾನು ಬೆಳೆದದ್ದು ಯಕ್ಷಗಾನದ ನಾಡಿನಲ್ಲಿ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕಟ್ಟಿದ ಇಡಗುಂಜಿ ಮೇಳದಂಥ ಮೇಳಗಳ ಆಟವೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಹಬ್ಬ. ಪ್ರಸಂಗಗಳ ಹೆಸರುಗಳನ್ನು ನೋಡಿ: ಕೀಚಕ ವಧೆ, ಮಾಗಧ ವಧೆ, ಸುಧನ್ವ ಕಾಳಗ, ಜಟಾಯು ಮೋಕ್ಷ. ಯಾರು ಸಾಯುತ್ತಾರೆ, ಯಾರೊಡನೆ ಯುದ್ಧವಾಗುತ್ತದೆ ಎಂಬುದೆಲ್ಲ ಹೆಸರಿನಲ್ಲೇ ಇದೆ, ಆದರೂ ಜನ ಬೆಳಗಿನವರೆಗೆ ಕುಳಿತಿರುತ್ತಾರೆ. ಎಂಟೋ ಒಂಬತ್ತೋ ವರ್ಷದವಳಾಗಿದ್ದಾಗ, ಕೀಚಕ ಸಾಯುತ್ತಾನೆಂದು ಈಗಲೇ ಗೊತ್ತಾದ ಮೇಲೆ ಇಡೀ ರಾತ್ರಿ ನಿದ್ದೆಗೆಟ್ಟು ನೋಡುವುದೇಕೆ ಎಂದು ನಾನು ಅಪ್ಪಯ್ಯನನ್ನು ಕೇಳಿದ್ದೆ. “ಅಂವ ಸಾಯ್ತಾ ಹೇಳದು ಹೆಸ್ರಲ್ಲೇ ಇದ್ದು, ಹ್ಯಾಂಗೆ ಸಾಯ್ತಾ ಹೇಳದ್ನ ನೋಡಲೆ ಹೋಪದು” ಎಂದು ಅವರು ಹೇಳಿದ್ದರು. ಹೆಸರಿಡುವ ಬಗ್ಗೆ ನಾನು ಕೇಳಿದ ಮೊದಲ ಪಾಠ ಅದು. ಕೀಚಕ ವಧೆ ಎಂಬ ಹೆಸರು ಘಟನೆಯನ್ನು ಹೇಳುತ್ತದೆ, ಆದರೆ ಆ ಘಟನೆಯ ಮುಂದೆ ನಾವು ಹೇಗೆ ನಿಲ್ಲಬೇಕೆಂದು ಹೇಳುವುದಿಲ್ಲ. ಸೈರಂಧ್ರಿಯ ಸಂಕಟ, ವಲಲನ ಕೋಪ, ವಿರಾಟನ ಅಸಹಾಯಕತೆ ಇವೆಲ್ಲವೂ ರಂಗದ ಮೇಲೆಯೇ ಹುಟ್ಟಬೇಕು. ‘ಬದುಕಿನ ಇಳಿಹೊತ್ತು’ ಎಂಬುದು ಘಟನೆಯನ್ನು ಹೇಳುವುದಿಲ್ಲ, ಮರುಕವನ್ನು ಮಾತ್ರ ಹೇಳುತ್ತದೆ. ಕತೆಯ ಸಂಗತಿಯನ್ನು ಬಿಟ್ಟುಕೊಡುವ ಹೆಸರಿನಿಂದ ಕತೆಗೆ ಅಷ್ಟೇನೂ ಹಾನಿಯಿಲ್ಲ, ಭಾವವನ್ನು ಬಿಟ್ಟುಕೊಡುವ ಹೆಸರಿನಿಂದ ಇದೆ ಎಂಬ ತಿಳಿವಳಿಕೆಗೆ ನಾನು ಬಂದದ್ದು ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ.

ಪ್ರಸಂಗಗಳ ಹೆಸರು ಇನ್ನೊಂದು ಸೂಕ್ಷ್ಮವನ್ನೂ ಕಲಿಸುತ್ತದೆ. ಒಂದೇ ಕಥಾಭಾಗವನ್ನು ಕೆಲವರು ‘ವಾಲಿ ವಧೆ’ ಎಂದು ಆಡುತ್ತಾರೆ, ಕೆಲವರು ‘ವಾಲಿ ಮೋಕ್ಷ’ ಎನ್ನುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ನೆಲಕ್ಕೆ ಬಿದ್ದ ವಾಲಿ ಪ್ರಶ್ನಿಸುವ ಆ ಸನ್ನಿವೇಶ, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪ್ರಸಂಗವನ್ನು ನಡೆಸುವ ತಾಳಮದ್ದಳೆಯ ಅರ್ಥಧಾರಿಗಳಿಗೆ ಎಂದೂ ಬತ್ತದ ಸೆಲೆ. ವಧೆ ಎಂದಾಗ ಕೊಂದವನ ಕಡೆಗೆ ನಮ್ಮ ಕಣ್ಣು ಹೋಗುತ್ತದೆ, ಮೋಕ್ಷ ಎಂದಾಗ ಸತ್ತವನ ಕಡೆಗೆ. ಎರಡಕ್ಷರದ ಒಂದು ಪದ ಇಡೀ ರಾತ್ರಿಯ ಮಾತಿಗೆ ಪಕ್ಷವನ್ನು ಗೊತ್ತುಮಾಡುತ್ತದೆ. ‘ಭೀಷ್ಮ ವಿಜಯ’ವನ್ನು ನೆನೆದಾಗಲೆಲ್ಲ ಇದು ನನಗೆ ಇನ್ನೂ ತೀವ್ರವಾಗಿ ಅನ್ನಿಸುತ್ತದೆ. ಅದರಲ್ಲಿ ವಿಜಯ ಭೀಷ್ಮನದು, ಪರಶುರಾಮನೊಂದಿಗಿನ ಯುದ್ಧವೂ ಅವನದು. ಆದರೆ ನಾವೆಲ್ಲ ಕಾಯುತ್ತಿದ್ದದ್ದು ಸಾಲ್ವನೂ ಒಲ್ಲದ, ಭೀಷ್ಮನೂ ಒಲ್ಲದ ಅಂಬೆಯ ಮಾತುಗಳಿಗೆ. ಹೆಸರಿನಲ್ಲಿ ಅಂಬೆಗೆ ಸ್ಥಳವಿಲ್ಲ. ಆಟ ಮುಗಿಸಿ ಬೆಳಗಿನ ಜಾವ ಗದ್ದೆಯ ಅಂಚಿನಲ್ಲಿ ಮನೆಗೆ ನಡೆಯುವಾಗ ‘ವಿಜಯ’ ಎಂಬ ಪದ ಎಷ್ಟು ಭಾರವಾಗಿ ಕೇಳಿಸುತ್ತಿತ್ತೆಂದರೆ, ಅವಳನ್ನು ಹೊರಗಿಟ್ಟಿದ್ದರಿಂದಲೇ ಆ ಹೆಸರು ಅವಳ ಪರವಾಗಿ ಮಾತನಾಡುತ್ತಿದೆ ಎಂದು ನನಗೆ ತೋರುತ್ತಿತ್ತು. ಹಾಗೆ ಹೆಸರಿಟ್ಟವರ ಉದ್ದೇಶ ಅದೇ ಆಗಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಕತೆಯ ಜೀವ ಯಾರಲ್ಲಿದೆಯೋ ಅವರ ಹೆಸರನ್ನೇ ಮೇಲೆ ಬರೆಯಬೇಕೆಂಬ ಕಡ್ಡಾಯವಿಲ್ಲ ಎಂಬುದನ್ನು ನನ್ನ ಕೆಲವು ಕತೆಗಳಲ್ಲಿ ಧೈರ್ಯವಾಗಿ ಬಳಸಿದ್ದು ಈ ನೆನಪಿನ ಬಲದಿಂದ.

ಕವಿಯೇ ಇಟ್ಟ ಹೆಸರೂ ನಿಲ್ಲುತ್ತದೆಂಬ ಭರವಸೆಯಿಲ್ಲ. ಶಿರಸಿ ತಾಲೂಕಿನ ಬನವಾಸಿಯನ್ನು ಕನ್ನಡಿಗರೆಲ್ಲರ ನೆನಪಿನಲ್ಲಿ ಉಳಿಯುವಂತೆ ಹಂಬಲಿಸಿ ಬರೆದ ಪಂಪ, ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ ತನ್ನ ಕಾವ್ಯವನ್ನು ‘ವಿಕ್ರಮಾರ್ಜುನ ವಿಜಯ’ ಎಂದು ಕರೆದ. ಜನ ಅದನ್ನು ಪಂಪಭಾರತವೆಂದರು. ರನ್ನ ತನ್ನ ಒಡೆಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಸಾಹಸಭೀಮ ವಿಜಯ’ವೆಂದು ಹೆಸರಿಟ್ಟರೆ ಅದು ಗದಾಯುದ್ಧವಾಗಿ ಉಳಿಯಿತು. ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ ಗದುಗಿನ ಭಾರತವಾಯಿತು. ಕವಿ ಇಟ್ಟ ಹೆಸರು ಕಳಚಿಹೋಗಿ, ಒಂದು ಕಡೆ ಬರೆದವನ ಹೆಸರು, ಇನ್ನೊಂದು ಕಡೆ ಬರೆದ ಊರು, ಮತ್ತೊಂದು ಕಡೆ ಕೈಯಲ್ಲಿ ಹಿಡಿಯಬಹುದಾದ ಒಂದು ಗದೆ ಓದುಗರ ಬಾಯಲ್ಲಿ ನಿಂತವು. ನನಗೆ ಈ ಮೂರರಲ್ಲಿ ಗದೆಯೇ ಹೆಚ್ಚು ಇಷ್ಟ. ಎತ್ತಿ ಹಿಡಿಯಬಹುದಾದ, ಮುಟ್ಟಬಹುದಾದ ವಸ್ತುವೊಂದು ಹೆಸರಿನಲ್ಲಿದ್ದರೆ ನಾಲಿಗೆ ಅದನ್ನು ಬಿಡುವುದಿಲ್ಲ. ವಚನಗಳಿಗಾದರೋ ತಲೆಬರಹವೇ ಇಲ್ಲ. ಅಂಕಿತ ಬರುವುದು ಮುಗಿಯುವಲ್ಲಿ. ದಾಸರ ಪದಗಳನ್ನು ನಾವು ಪಲ್ಲವಿಯ ಮೊದಲ ಸಾಲಿನಿಂದ ಗುರುತಿಸುತ್ತೇವೆ. ಹಾಡುವವರಿಗೂ ಕೇಳುವವರಿಗೂ ಅದರಿಂದ ಯಾವ ತೊಂದರೆಯೂ ಆಗಿಲ್ಲ. ಹತ್ತಾರು ಬರಹಗಳು ಒಂದೇ ಹೊತ್ತಗೆಯಲ್ಲಿ ಅಕ್ಕಪಕ್ಕ ಅಚ್ಚಾಗತೊಡಗಿದ ಮೇಲೆ, ಓದುಗ ಯಾವುದನ್ನು ಮೊದಲು ತೆರೆಯಬೇಕೆಂದು ಆರಿಸುವ ಪ್ರಸಂಗ ಬಂದ ಮೇಲೆ, ಬಿಡಿ ಬರಹಕ್ಕೂ ಒಂದು ಹೆಸರು ಅನಿವಾರ್ಯವಾಯಿತು ಎಂದು ನನಗೆ ತೋರುತ್ತದೆ.

ಲೇಖನದ ವಿಷಯ ಬೇರೆ. ಕತೆಯ ಓದುಗ ತನಗೇನು ಬೇಕೆಂದು ತಿಳಿಯದೆ ಬರುತ್ತಾನೆ. ಲೇಖನದ ಓದುಗನಿಗೆ ತನಗೆ ಬೇಕಾದದ್ದು ಇದರಲ್ಲಿದೆಯೇ ಎಂಬುದು ಮೊದಲು ತಿಳಿಯಬೇಕು. ಅಘನಾಶಿನಿ ನದಿ ಕಡಲಿಗೆ ಸೇರುವ ಕಡೆಯ ಗಜನಿ ಗದ್ದೆಗಳ ಬಗ್ಗೆ ಹಲವು ವರ್ಷಗಳ ಹಿಂದೆ ನಾನೊಂದು ಲೇಖನ ಬರೆದೆ. ಉಬ್ಬರದ ಉಪ್ಪುನೀರು ನುಗ್ಗುವ ಆ ತಗ್ಗು ಭೂಮಿಯಲ್ಲಿ ಬೇರೆ ಯಾವ ಭತ್ತವೂ ಬಾಳದು. ಕಗ್ಗ ಎಂಬ ಎತ್ತರದ ತಳಿಯೊಂದು ಮಾತ್ರ ಉಪ್ಪನ್ನೂ ನೆರೆಯನ್ನೂ ತಾಳಿಕೊಂಡು ನಿಲ್ಲುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ, ಅದು ಮೀನು ಸಿಗಡಿಗಳಿಗೆ ಆಸರೆಯಾಗುತ್ತದೆ. ಇಷ್ಟು ಅಪರೂಪದ ಸಂಗತಿಗಳನ್ನು ಬರೆದು, ಅದರ ಮೇಲೆ ‘ಕರಾವಳಿಯ ಪಾರಂಪರಿಕ ಭತ್ತದ ತಳಿಗಳು: ಒಂದು ಅವಲೋಕನ’ ಎಂದು ಹೆಸರಿಟ್ಟಿದ್ದೆ. ಕಳುಹಿಸುವ ಮುನ್ನ ಮಾಹಿತಿ ಸರಿಯಿದೆಯೇ ಎಂದು ಕೇಳಲು ಗಜನಿಯಲ್ಲಿ ಬೇಸಾಯ ಮಾಡುವ ಹಿರಿಯರೊಬ್ಬರ ಮನೆಗೆ ಹೋಗಿ ಎಲ್ಲವನ್ನೂ ಓದಿ ಹೇಳಿದೆ. ಅವರ ಮೊಮ್ಮಗ ನನ್ನ ವಿದ್ಯಾರ್ಥಿ. ತಲೆಬರಹವನ್ನು ಓದಿದಾಗ ಅವರು ನನ್ನನ್ನೇ ನೋಡುತ್ತ, ಅದು ಯಾವುದರ ಬಗ್ಗೆ ಎಂಬಂತೆ ಸುಮ್ಮನಿದ್ದರು. ಎಲ್ಲ ಮುಗಿದ ಮೇಲೆ, “ಕಗ್ಗ ಅಂದ್ರೆ ಉಪ್ಪು ನೀರು ಕುಡ್ದು ಬೆಳಿಯೂ ಭತ್ತ ಅಲ್ರಾ, ಅಕ್ಕೋರೇ? ಅಷ್ಟ್ ಬರದ್ರೆ ಸಾಕಾಗ್ತಿತ್ತಲ್ರಾ” ಎಂದರು. ನಾನು ಅಲ್ಲೇ ಪೆನ್ನು ತೆಗೆದು ಹಳೆಯದನ್ನು ಹೊಡೆದುಹಾಕಿ ‘ಉಪ್ಪು ನೀರು ಕುಡಿದು ಬೆಳೆಯುವ ಭತ್ತ’ ಎಂದು ಬರೆದೆ. ಆ ಲೇಖನಕ್ಕೆ ದೂರದ ಊರುಗಳಿಂದಲೂ ಪತ್ರಗಳು ಬಂದವು, ಮತ್ತು ಬರೆದವರೆಲ್ಲ ಆ ಐದು ಪದಗಳನ್ನು ತಮ್ಮ ಪತ್ರದಲ್ಲಿ ಮರಳಿ ಬರೆದಿದ್ದರು.

ಹಳೆಯ ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಅದರ ದೋಷವೆಂದರೆ ಅದು ವಿಷಯ ಇರುವ ಕೋಣೆಯನ್ನು ತೋರಿಸುತ್ತಿತ್ತೇ ಹೊರತು ವಿಷಯವನ್ನಲ್ಲ. ಒಂದು ಅವಲೋಕನ, ಒಂದು ಚಿಂತನೆ, ಒಂದು ಪಕ್ಷಿನೋಟ, ಒಂದು ಇಣುಕುನೋಟ ಎಂಬ ಬಾಲಗಳನ್ನು ನಾನು ಆ ನಂತರ ಎಂದೂ ಹಚ್ಚಿಲ್ಲ. ಅವನ್ನು ತೆಗೆದರೆ ಯಾವ ಅರ್ಥವೂ ನಷ್ಟವಾಗುವುದಿಲ್ಲ ಎಂಬುದೇ ಅವು ಬೇಡವೆನ್ನುವುದಕ್ಕೆ ಸಾಕಷ್ಟು ಕಾರಣ. ಇದಕ್ಕೆ ವಿರುದ್ಧವಾದ ಇನ್ನೊಂದು ಅಭ್ಯಾಸ ಈಚೆಗೆ ಹೆಚ್ಚಾಗಿದೆ: ವಿಷಯವನ್ನು ಬೇಕೆಂದೇ ಬಚ್ಚಿಟ್ಟು, ‘ಈ ಭತ್ತದ ರಹಸ್ಯ ಕೇಳಿದರೆ ಬೆರಗಾಗುತ್ತೀರಿ’ ಎಂಬ ರೀತಿಯಲ್ಲಿ ಓದುಗನನ್ನು ಒಳಗೆಳೆಯುವುದು. ಓದುಗ ಬರುತ್ತಾನೆ, ನಿಜ. ಆದರೆ ಬಂದವನು ಮನಸ್ಸಿನಲ್ಲಿ ತಕ್ಕಡಿ ಹಿಡಿದುಕೊಂಡೇ ಓದುತ್ತಾನೆ, ಮತ್ತು ಗಜನಿಯ ರೈತರ ದುಡಿಮೆಯಂಥ ಘನವಾದ ಸಂಗತಿಯೂ ಆ ತಕ್ಕಡಿಯಲ್ಲಿ ಕಡಿಮೆ ತೂಗುತ್ತದೆ. ನನಗೆ ಇದು ಓದುಗರಿಗೂ ಬರೆಯಲ್ಪಟ್ಟವರಿಗೂ ಮಾಡುವ ಅಗೌರವವೆಂದೇ ಅನ್ನಿಸುತ್ತದೆ.

ಕರಾವಳಿಯಲ್ಲಿ ಬರೆಯುವ ನಮಗೆ ಇನ್ನೊಂದು ಸೆಳೆತವಿದೆ. ಕಡಲು, ಅಲೆ, ತೀರ, ದೋಣಿ, ಮುಸ್ಸಂಜೆ ಎಂಬ ಪದಗಳು ಕೈಗೆ ಬಹಳ ಹತ್ತಿರದಲ್ಲಿರುತ್ತವೆ. ಹನ್ನೊಂದರಲ್ಲಿ ನನ್ನ ಎರಡು ಕತೆಗಳ ಹೆಸರಿನಲ್ಲಿ ಅಲೆಯಿತ್ತು, ಕತೆಗಳೊಳಗೆ ಕಡಲೇ ಇರಲಿಲ್ಲ. ಒಂದು ಕಾರವಾರದ ಬಾಡಿಗೆ ಮನೆಯೊಂದರಲ್ಲಿ ನಡೆಯುವ ಅಕ್ಕತಂಗಿಯರ ಜಗಳದ ಕತೆ. ನೆನಪುಗಳು ಅಲೆಗಳಂತೆ ಬರುತ್ತವೆ ಎಂಬ ಒಂದೇ ಒಂದು ವಾಕ್ಯದ ಆಧಾರದ ಮೇಲೆ ಹೆಸರು ನಿಂತಿತ್ತು. ಈ ಸಲ ಆ ವಾಕ್ಯವನ್ನೂ ತೆಗೆದೆ, ಹೆಸರನ್ನೂ ತೆಗೆದೆ. ಜಗಳಕ್ಕೆ ಕಾರಣವಾದ ಹಿತ್ತಾಳೆಯ ಕೊಡವೇ ಈಗ ಆ ಕತೆಯ ಹೆಸರು.

ಬರೆದವರ ಮನಸ್ಸಿನಲ್ಲಿ ದೊಡ್ಡ ವಿಷಯ ತುಂಬಿರುವಾಗ ಚಿಕ್ಕ ವಸ್ತುವೊಂದನ್ನು ಹೆಸರಾಗಿ ಎತ್ತಿಕೊಳ್ಳುವುದು ಸುಲಭವಲ್ಲ. ನಾನು ಅದನ್ನು ಕಲಿತದ್ದು ಒಬ್ಬ ಹುಡುಗಿಯಿಂದ. ಕುಮಟೆಗೆ ಬರುವ ಮುನ್ನ ಶಿರಸಿಯಲ್ಲಿ ಪಾಠ ಮಾಡುತ್ತಿದ್ದಾಗ, ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ಮುಗಿದ ವಾರ ಏಳನೆಯ ತರಗತಿಯ ಮಕ್ಕಳಿಗೆ ಜಾತ್ರೆಯ ಬಗ್ಗೆ ಬರೆದು ತರಲು ಹೇಳಿದೆ. ಹೆಸರನ್ನು ಅವರೇ ಇಡಬೇಕೆಂದೂ ಹೇಳಿದ್ದೆ. ಬಂದ ನಲವತ್ತು ಚಿಲ್ಲರೆ ಬರಹಗಳಲ್ಲಿ ಹೆಚ್ಚಿನವು ‘ನಮ್ಮೂರ ಜಾತ್ರೆ’, ‘ಶಿರಸಿ ಜಾತ್ರೆ’, ‘ನಾನು ಕಂಡ ಜಾತ್ರೆ’. ಒಂದರ ಮೇಲೆ ಮಾತ್ರ ‘ಒಂದೇ ಚಪ್ಪಲಿ’ ಎಂದಿತ್ತು. ಬಿಡ್ಕಿಬೈಲಿನ ಗದ್ದುಗೆಯ ಮುಂದಿನ ನೂಕುನುಗ್ಗಲಿನಲ್ಲಿ ಆ ಹುಡುಗಿಯ ಒಂದು ಚಪ್ಪಲಿ ಕಳೆದಿತ್ತು. ಉಳಿದದ್ದನ್ನು ಎಸೆಯಲು ಮನಸ್ಸಾಗದೆ ಕೈಯಲ್ಲಿ ಹಿಡಿದುಕೊಂಡೇ ತೊಟ್ಟಿಲು ನೋಡಿದ್ದಳು, ಬಳೆ ಅಂಗಡಿ ಸುತ್ತಿದ್ದಳು, ಬರಿಗಾಲಲ್ಲಿ ಮನೆಗೆ ಬಂದಿದ್ದಳು. ಜಾತ್ರೆಯ ಜನ, ಬಿಸಿಲು, ದೂಳು, ದೇವಿಯ ಮುಖ ಎಲ್ಲವೂ ಆ ಒಂದು ಚಪ್ಪಲಿಯ ಸುತ್ತ ತಾವಾಗಿಯೇ ಬಂದು ಕೂತಿದ್ದವು. ಉಳಿದ ಮಕ್ಕಳ ಬರಹಗಳಲ್ಲಿ ಜಾತ್ರೆಯ ಬಗ್ಗೆ ಮಾಹಿತಿ ಹೆಚ್ಚಿತ್ತು. ಆದರೂ ಇಷ್ಟು ವರ್ಷಗಳ ಮೇಲೆ ನನ್ನ ಕಣ್ಣ ಮುಂದೆ ನಿಲ್ಲುವ ಜಾತ್ರೆ ಅವಳದು. ಹೆಸರನ್ನು ಮೊದಲು ಇಟ್ಟೆಯೋ ನಂತರವೋ ಎಂದು ಕೇಳಿದಾಗ, ಮೊದಲು ‘ಜಾತ್ರೆ’ ಎಂದೇ ಬರೆದಿದ್ದೆನೆಂದೂ, ಬರೆದು ಮುಗಿಸಿದ ಮೇಲೆ ಅದು ಜಾತ್ರೆಯ ಬಗ್ಗೆ ಅಲ್ಲವೆಂದು ಅನ್ನಿಸಿತೆಂದೂ ಅವಳು ಹೇಳಿದಳು. ಹನ್ನೆರಡು ವರ್ಷದ ಆ ಮಗುವಿನ ಮಾತು ನನಗೆ ಇಂದಿಗೂ ಅಳತೆಗೋಲು. ಬರೆಯಲು ತೊಡಗುವಾಗ ಒಂದು ಕೆಲಸದ ಹೆಸರು ಇರಲಿ. ಬರೆದದ್ದು ನಿಜವಾಗಿ ಯಾವುದರ ಬಗ್ಗೆ ಎಂಬುದು ಬರೆದು ಮುಗಿದ ಮೇಲೆಯೇ ತಿಳಿಯುತ್ತದೆ.

ಕನ್ನಡದ ವಿಭಕ್ತಿಗಳು ಈ ಕೆಲಸದಲ್ಲಿ ಎಷ್ಟು ನೆರವಾಗುತ್ತವೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಕ್ರಿಯಾಪದವನ್ನು ಬಿಟ್ಟು ವಿಭಕ್ತಿಯೊಂದನ್ನೇ ಉಳಿಸಿದರೆ ಆ ಪದ ಎಲ್ಲಿಗೋ ಹೊರಟು ನಿಂತಂತೆ ಇರುತ್ತದೆ. ಶಿವರಾಮ ಕಾರಂತರು 1941ರಲ್ಲಿ ತಮ್ಮ ಕಾದಂಬರಿಗೆ ‘ಮರಳಿ ಮಣ್ಣಿಗೆ’ ಎಂದು ಹೆಸರಿಟ್ಟರು. ಯಾರು, ಯಾವಾಗ, ಹೋಗುವರೋ ಬರುವರೋ ಎಂಬುದೊಂದೂ ಅದರಲ್ಲಿಲ್ಲ. ಚತುರ್ಥಿ ವಿಭಕ್ತಿಯ ಆ ‘ಗೆ’ ಒಂದೇ ಮೂರು ತಲೆಮಾರುಗಳ ದಾರಿಯನ್ನು ಹೊತ್ತಿದೆ, ಮತ್ತು ಕಾದಂಬರಿ ಮುಗಿಯುವಾಗ ಮಣ್ಣು ಎಂಬುದು ಹೊಲವೂ ಆಗಿ, ಊರೂ ಆಗಿ, ಮನುಷ್ಯ ಸೇರಬೇಕಾದ ನೆಲೆಯೂ ಆಗಿ ನಿಲ್ಲುತ್ತದೆ. ‘ಮಣ್ಣಿಗೆ ಮರಳಿದವರು’ ಎಂದಿದ್ದರೆ ಅದೇ ಅರ್ಥ ಇರುತ್ತಿತ್ತು, ಆದರೆ ಬಾಗಿಲು ಮುಚ್ಚಿರುತ್ತಿತ್ತು. ಆಜ್ಞಾರ್ಥಕ್ಕೂ ಅಂಥದೇ ಶಕ್ತಿಯಿದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿನ ಮರಗಳನ್ನು ತಬ್ಬಿ ನಿಂತು ಕಡಿಯುವುದನ್ನು ತಡೆದಾಗ ಆ ಚಳವಳಿಗೆ ‘ಅಪ್ಪಿಕೋ’ ಎಂಬ ಹೆಸರು ಬಂತು. ಅರಣ್ಯ ಸಂರಕ್ಷಣೆ ಎಂಬ ಗಂಭೀರವಾದ ಪದಗಳು ಆಗಲೂ ಇದ್ದವು. ಆದರೆ ಮಗುವಿಗೆ ಹೇಳುವಂತೆ ಏಕವಚನದಲ್ಲಿ ಹೇಳಿದ ಆ ಒಂದು ಮಾತಿನಲ್ಲಿ ಮಾಡಬೇಕಾದ ಕೆಲಸವೂ ಇದೆ, ಮಾಡುವವರ ಅಕ್ಕರೆಯೂ ಇದೆ. ಅದು ಬರಹದ ಹೆಸರಲ್ಲ ನಿಜ, ಆದರೆ ಒಂದು ಹೆಸರು ಎಷ್ಟು ಕೆಲಸ ಮಾಡಬಲ್ಲದು ಎನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲಿ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಓದುಗರಿಗೆ ತಿಳಿಯದ ಪದವನ್ನು ಹೆಸರಿನಲ್ಲಿ ಇಡಬಹುದೇ ಎಂಬ ಪ್ರಶ್ನೆ ‘ಕೊನೆ ಕೊಯ್ಲು’ ಕಾಲದಿಂದ ನನ್ನ ಬೆನ್ನಿಗಿದೆ. ಇಡಬಹುದು, ಆದರೆ ಆ ಪದವನ್ನು ಕಲಿಸುವ ಹೊಣೆಯನ್ನು ಕತೆಯೇ ಹೊರಬೇಕು, ಅಡಿಟಿಪ್ಪಣಿ ಹೊರಬಾರದು ಎಂಬುದು ನನ್ನ ಉತ್ತರ. ನಮ್ಮ ಜಿಲ್ಲೆಯವರೇ ಆದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ಹೆಸರು ಯಾವ ನಿಘಂಟಿನಲ್ಲೂ ಇಲ್ಲದ, ಕತೆಯೊಳಗಿನ ಒಂದು ಮನೆಯವರು ಗೋಜಲಿಗೆ ತಾವೇ ಹುಟ್ಟಿಸಿಕೊಂಡ ಮಾತು. ಕನ್ನಡದ ಓದುಗರಿಗೂ ಅದು ಮೊದಲು ಅಷ್ಟೇ ಅಪರಿಚಿತ. ಇಂಗ್ಲಿಷಿಗೆ ಹೋದಾಗಲೂ ಆ ಹೆಸರು ಬದಲಾಗಲಿಲ್ಲ. ಕತೆ ತನ್ನ ಹೆಸರನ್ನು ತಾನೇ ಕಲಿಸಬಲ್ಲುದಾದರೆ ಪದ ಎಲ್ಲಿಯದು ಎಂಬುದು ಮುಖ್ಯವಾಗುವುದಿಲ್ಲ. ಆದರೆ ಬರೀ ಬಣ್ಣಕ್ಕಾಗಿ, ಊರಿನ ವಾಸನೆ ಬರಲಿ ಎಂದು, ಕತೆಯಲ್ಲಿ ಒಂದೇ ಸಲ ಸುಳಿಯುವ ಆಡುಮಾತನ್ನು ತಂದು ತಲೆಯ ಮೇಲೆ ಕೂರಿಸುವುದನ್ನು ನಾನು ಒಪ್ಪಲಾರೆ. ಹಾಗೆ ಇಟ್ಟ ನನ್ನದೇ ಒಂದು ಹೆಸರನ್ನು ಈ ಸಲ ಬದಲಿಸಿದೆ.

ಹೆಸರು ಸಿಗದೆ ಒದ್ದಾಡುವಾಗ ನಾನು ಮಾಡುವ ಒಂದು ಉಪಾಯವನ್ನೂ ಹೇಳಬೇಕು. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವ ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿಗಳು ಯಾರಾದರೂ ಸಿಕ್ಕೇ ಸಿಗುತ್ತಾರೆ, ಮತ್ತು ಈಗ ಏನು ಬರೆಯುತ್ತಿದ್ದೀರಿ ಎಂದು ಕೇಳುತ್ತಾರೆ. ತಲೆಬರಹವನ್ನು ಹೇಳದೆ, ಆ ಬರಹ ಯಾವುದರ ಬಗ್ಗೆ ಎಂದು ಮನೆಮಾತಿನಲ್ಲಿ ಹೇಳಲು ನಾನು ಯತ್ನಿಸುತ್ತೇನೆ. ಘಟ್ಟದ ತಿರುವುಗಳಲ್ಲಿ ಮಾತು ಉದ್ದವಾಗಿ ಹೇಳಲು ಆಗುವುದಿಲ್ಲ. ಆಗ ಬಾಯಿಗೆ ಬರುವ ಮೂರು ನಾಲ್ಕು ಪದಗಳು ಹಲವು ಸಲ ಕಾಗದದ ಮೇಲೆ ತಿಂಗಳಿಂದ ತಿದ್ದುತ್ತಿದ್ದ ಹೆಸರಿಗಿಂತ ಚೆನ್ನಾಗಿರುತ್ತವೆ. ಹನ್ನೊಂದರಲ್ಲಿ ಎರಡು ಕತೆಗಳಿಗೆ ಹೀಗೆ ಹೆಸರು ದೊರೆತಿವೆ. ಒಂದು ಕತೆಗೆ ಮಾತ್ರ ಏನು ಮಾಡಿದರೂ ಸಿಗಲಿಲ್ಲ. ಅದನ್ನು ಮತ್ತೆ ಮತ್ತೆ ಓದಿದ ಮೇಲೆ, ಅದರಲ್ಲಿ ಎರಡು ಕತೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಆದ್ದರಿಂದಲೇ ಯಾವ ಹೆಸರೂ ಪೂರ್ತಿಯಾಗಿ ಹೊದೆಯುತ್ತಿಲ್ಲ ಎಂದು ತಿಳಿಯಿತು. ಅದನ್ನು ಸಂಕಲನದಿಂದ ಹೊರಗಿಟ್ಟು, ಬೇರೆ ಮಾಡಿ ಬರೆಯಲು ತೊಡಗಿದ್ದೇನೆ. ಈಗ ಉಳಿದಿರುವುದು ಹತ್ತು.

ಪುಸ್ತಕದ ಅಕ್ಷರ ಜೋಡಿಸುತ್ತಿರುವವರು ಹುಬ್ಬಳ್ಳಿ ಕಡೆಯ ಒಬ್ಬ ಯುವಕ. ಹೋದ ವಾರ ಫೋನ್ ಮಾಡಿ, “ಮೇಡಂ, ಮೂರನೇ ಕತಿ ಹೆಸರು ‘ಕೊನೆ’ ಅಲ್ರಿ, ‘ಗೊನೆ’ ಆಗಬೇಕಲ್ರೀ? ತಿದ್ದಲೇನ್ರಿ?” ಎಂದು ಕೇಳಿದರು. ಕೆಲಸವನ್ನು ಅಷ್ಟು ಗಮನವಿಟ್ಟು ಮಾಡುತ್ತಿರುವುದಕ್ಕೆ ನನಗೆ ಸಂತೋಷವಾಯಿತು. ಕತೆಯನ್ನು ಒಮ್ಮೆ ಪೂರ್ತಿ ಓದಿ, ಆಮೇಲೂ ತಿದ್ದಬೇಕೆನ್ನಿಸಿದರೆ ಹೇಳಿ ಎಂದೆ. ಮರುದಿನ ಸಂಜೆ ಅವರೇ ಮತ್ತೆ ಕರೆ ಮಾಡಿದರು. ಕಾಗುಣಿತದ ಮಾತನ್ನೇ ಎತ್ತಲಿಲ್ಲ. ಕರಡಿನಲ್ಲಿ ಒಂದು ಕಡೆ ‘ಕೊನೆಕೊಯ್ಲು’ ಎಂದು ಕೂಡಿಸಿ ಬಂದಿದೆ, ಇನ್ನೊಂದು ಕಡೆ ಬಿಡಿಸಿ ಬಂದಿದೆ, ಯಾವುದನ್ನು ಇಡಲಿ ಎಂದು ಕೇಳಿದರು. ಕೂಡಿಸಿದರೆ ಅದು ತೋಟದ ಕೆಲಸವಷ್ಟೇ ಆಗುತ್ತದೆ; ಬಿಡಿಸಿದರೆ ಮೊದಲ ಪದ ಒಂಟಿಯಾಗಿ ನಿಲ್ಲಲು ಜಾಗ ಸಿಗುತ್ತದೆ. ನಾನು ಉತ್ತರಿಸುವ ಮುನ್ನವೇ, “ಬಿಡಿಸೇ ಇಡ್ತೀನ್ರಿ” ಎಂದು ಅವರೇ ಹೇಳಿದರು.